ಮೀನೆಣ್ಣೆ ಮಾತ್ರೆಯೇ ಬೇರೆ, ನೋವಿನ ಮಾತ್ರೆಯೇ ಬೇರೆ: ಯಾವುದು ಯಾವಾಗ?

ಚಿಂತಾಮಣಿಯಲ್ಲಿ ನಮ್ಮದೊಂದು ಮೆಡಿಕಲ್ ಅಂಗಡಿ. ವಾರಕ್ಕೆ ನಾಲ್ಕೈದು ಸಲವಾದರೂ ಈ ಮಾತು ಕಿವಿಗೆ ಬೀಳುತ್ತದೆ. "ಅಣ್ಣಾ, ನೋವಿನ ಮಾತ್ರೆ ತಿಂದ್ರೆ ಕಿಡ್ನಿ ಹೋಗುತ್ತಂತೆ. ಅದರ ಬದಲು ಮೀನೆಣ್ಣೆ ಮಾತ್ರೆ ಕೊಡಿ." ಇನ್ನು ಕೆಲವರದು ಉಲ್ಟಾ ತಕರಾರು. "ಹದಿನೈದು ದಿನ ಮೀನೆಣ್ಣೆ ನುಂಗಿದೆ. ಮಂಡಿ ನೋವು ಒಂಚೂರೂ ಇಳೀಲಿಲ್ಲ. ಡೂಪ್ಲಿಕೇಟ್ ಮಾಲು ಕೊಟ್ರಾ?"

ಕೇಳುವವರ ತಪ್ಪೇನಿಲ್ಲ. ಎರಡನ್ನೂ "ಉರಿಯೂತ ಇಳಿಸುತ್ತೆ" ಅಂತಲೇ ಹೇಳಿ ಮಾರುತ್ತಾರೆ. ನಮ್ಮ ಕಪಾಟಿನಲ್ಲೂ ಎರಡೂ ಪಕ್ಕಪಕ್ಕದಲ್ಲೇ ಕೂತಿರುತ್ತವೆ. ಆದರೆ ಮೀನೆಣ್ಣೆ ಅನ್ನೋದು ಸೈಡ್ ಎಫೆಕ್ಟ್ ಇಲ್ಲದ ನೋವಿನ ಮಾತ್ರೆ ಅಲ್ಲ. ಅದು ಊಟದ ಜಾತಿಗೆ ಸೇರಿದ್ದು. ನಾನು ನೋಡುವ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಇಷ್ಟೇ: ಜನ ಮೀನೆಣ್ಣೆಯನ್ನು ನೋವು ಬಂದಾಗ ಮಾತ್ರ ನುಂಗುತ್ತಾರೆ, ನೋವಿನ ಮಾತ್ರೆಯನ್ನು ದಿನಾ ಊಟದ ಜೊತೆ ನುಂಗುತ್ತಾರೆ. ಆಗಬೇಕಾದ್ದು ಅದಕ್ಕೆ ತದ್ವಿರುದ್ಧ.

ಓದುವ ಮುಂಚೆ ಮನೆಯಲ್ಲಿರುವ ಎಲ್ಲ ಮಾತ್ರೆ ಸ್ಟ್ರಿಪ್‌ಗಳನ್ನು, ಮೀನೆಣ್ಣೆ ಡಬ್ಬಿ ಇದ್ದರೆ ಅದನ್ನೂ ಮುಂದಿಟ್ಟುಕೊಳ್ಳಿ. ಬಿಪಿ, ಶುಗರ್, ಹಾರ್ಟಿನ ಚೀಟಿಗಳಿದ್ದರೆ ತೆಗೆದಿಡಿ. ರಕ್ತ ಪರೀಕ್ಷೆಯ ಹಳೆಯ ರಿಪೋರ್ಟಿದ್ದರೆ ಒಳ್ಳೆಯದು. ಮೊಬೈಲ್ ಕ್ಯಾಮೆರಾ ಖಂಡಿತ ಬೇಕು. ಸ್ಟ್ರಿಪ್ ಮೇಲಿನ ಅಕ್ಷರ ನನಗೇ ಬರಿಗಣ್ಣಿಗೆ ಕಾಣುವುದಿಲ್ಲ. ಫೋಟೊ ತೆಗೆದು ಹಿಗ್ಗಿಸಿ ಓದಿ.

1. ಯಾವುದು ಏನು ಅಂತ ಮೊದಲು ವಿಂಗಡಿಸಿ

ಸ್ಟ್ರಿಪ್ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಕೆಳಗೆ ಸಣ್ಣದಾಗಿ ಮದ್ದಿನ ನಿಜವಾದ ಹೆಸರಿರುತ್ತದೆ. ಅಲ್ಲಿ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನೆಪ್ರಾಕ್ಸೆನ್, ಎಟೊರಿಕಾಕ್ಸಿಬ್, ನಿಮೆಸುಲೈಡ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಉರಿಯೂತ ಇಳಿಸುವ ನೋವಿನ ಮಾತ್ರೆ. ಡಾಕ್ಟರುಗಳು ಇವನ್ನು ಎನ್‌ಎಸ್‌ಎಐಡಿ ಅನ್ನುತ್ತಾರೆ. ಅಂದರೆ ಸ್ಟೀರಾಯ್ಡ್ ಅಲ್ಲದ, ಉರಿಯೂತ ಇಳಿಸುವ ಮದ್ದು. ಉರಿಯೂತ ಅಂದರೆ ಪೆಟ್ಟು ಬಿದ್ದ ಜಾಗ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಊದಿಕೊಂಡು ನೋಯುತ್ತದಲ್ಲ, ಅದು.

ಪ್ಯಾರಾಸಿಟಮಾಲ್ ಈ ಗುಂಪಿನದಲ್ಲ. ಡೋಲೊ 650 ನೋವು, ಜ್ವರ ಇಳಿಸುತ್ತದೆ. ಊತ ಇಳಿಸುವ ಕೆಲಸ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಆದರೆ ಎರಡೂ ಸೇರಿದ ಮಾತ್ರೆಗಳು ಬೇಕಾದಷ್ಟಿವೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್ ಇದೆ. ಜೆರೊಡಾಲ್-ಪಿಯಲ್ಲಿ ಅಸೆಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಇದೆ. ಹೆಸರಿನ ಕೊನೆಯ ಆ "ಪಿ" ಅಂದರೆ ಪ್ಯಾರಾಸಿಟಮಾಲ್.

ಇಲ್ಲೇ ಮೊದಲ ಗುಂಡಿ. ಸೊಂಟಕ್ಕೆ ಒಬ್ಬ ಡಾಕ್ಟರು ಒಂದು ಮಾತ್ರೆ ಬರೆದಿರುತ್ತಾರೆ. ಹಲ್ಲಿಗೆ ಇನ್ನೊಬ್ಬರು ಮತ್ತೊಂದು ಬರೆದಿರುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವುದು ಎರಡರಲ್ಲೂ ಅಸೆಕ್ಲೋಫೆನಾಕೇ. ಎರಡನ್ನೂ ನುಂಗಿದರೆ ನೋವು ಎರಡು ಪಟ್ಟು ಇಳಿಯುವುದಿಲ್ಲ. ಹೊಟ್ಟೆ, ಕಿಡ್ನಿಗೆ ಪೆಟ್ಟು ಮಾತ್ರ ಜಾಸ್ತಿ. ಈ ಗುಂಪಿನ ಎರಡು ಮಾತ್ರೆಗಳನ್ನು, ಹೆಸರು ಬೇರೆಯಾಗಿದ್ದರೂ, ಒಟ್ಟಿಗೆ ತೆಗೆದುಕೊಳ್ಳಬಾರದು.

ಈಗ ಮೀನೆಣ್ಣೆ ಡಬ್ಬಿ ನೋಡಿ. ಅದರ ಮೇಲೆ ಎಫ್‌ಎಸ್‌ಎಸ್‌ಎಐ ಲಾಂಛನ, 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಬಿಸ್ಕತ್ತು ಪೊಟ್ಟಣದ ಮೇಲೆ, ಅಡುಗೆ ಎಣ್ಣೆ ಪ್ಯಾಕೆಟ್ ಮೇಲೆ ಇರುವಂಥದ್ದೇ. ಮಾಂಸಾಹಾರದ ಕಂದು ಗುರುತು ಇರುತ್ತದೆ. "ಔಷಧಿಯಾಗಿ ಬಳಸಲು ಅಲ್ಲ" ಎಂಬ ಅರ್ಥದ ಇಂಗ್ಲಿಷ್ ಸಾಲೂ ಇರುತ್ತದೆ. ಆ ಸಾಲನ್ನು ಯಾರೂ ಓದುವುದಿಲ್ಲ. ಡಬ್ಬಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ಸಾಲು ಅದೇ ಅಂತ ನನ್ನ ಅನಿಸಿಕೆ.

ಇನ್ನೊಂದು ಗೊಂದಲ: ಮೀನೆಣ್ಣೆ ಬೇರೆ, ಕಾಡ್ ಲಿವರ್ ಎಣ್ಣೆ ಬೇರೆ. ಮೊದಲನೆಯದನ್ನು ಮೀನಿನ ಮೈಯ ಕೊಬ್ಬಿನಿಂದ ತೆಗೆಯುತ್ತಾರೆ. ಎರಡನೆಯದು ಕಾಡ್ ಎಂಬ ಮೀನಿನ ಪಿತ್ತಜನಕಾಂಗದ ಎಣ್ಣೆ. ಚಿಕ್ಕಂದಿನಲ್ಲಿ ಅಮ್ಮ ಬಲವಂತವಾಗಿ ನುಂಗಿಸುತ್ತಿದ್ದ ಹಳದಿ ಗುಳಿಗೆ ನೆನಪಿದೆಯಾ? ಅದು. ಅದರಲ್ಲಿ ವಿಟಮಿನ್ ಎ ಮತ್ತು ಡಿ ಇರುತ್ತವೆ. ಈ ವ್ಯತ್ಯಾಸ ಮುಂದೆ ಲೆಕ್ಕ ಹಾಕುವಾಗ ಬೇಕಾಗುತ್ತದೆ.

2. ಒಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳಿ

ಇದನ್ನು ಹಾರಿಸಬೇಡಿ. ಇದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ನಮ್ಮ ಮೈಯ ಪ್ರತಿ ಜೀವಕೋಶದ ಸುತ್ತ ತೆಳುವಾದ ಕೊಬ್ಬಿನ ಪೊರೆ ಇದೆ. ಆ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬು ಇರುತ್ತದೆ. ಪೆಟ್ಟು ಬಿದ್ದಾಗ ಅದು ಪೊರೆಯಿಂದ ಬಿಡಿಸಿಕೊಂಡು ಹೊರಗೆ ಬರುತ್ತದೆ. ಕಾಕ್ಸ್ ಎಂಬ ಕಿಣ್ವ ಅದನ್ನು ಹಿಡಿದು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವಾಗಿ ಮಾಡುತ್ತದೆ. ಕಿಣ್ವ ಅಂದರೆ ಒಂದು ವಸ್ತುವನ್ನು ಇನ್ನೊಂದಾಗಿ ಬದಲಾಯಿಸುವ ಕೆಲಸಗಾರ. ಊತ, ನೋವು, ಬಿಸಿ ಎಲ್ಲಕ್ಕೂ ಈ ಪ್ರೊಸ್ಟಾಗ್ಲಾಂಡಿನ್ ದೊಡ್ಡ ಕಾರಣ.

ನೋವಿನ ಮಾತ್ರೆ ಆ ಕೆಲಸಗಾರನ ಕೈಯನ್ನೇ ಕಟ್ಟಿಹಾಕುತ್ತದೆ. ಆಸ್ಪಿರಿನ್ ಜಾತಿಯ ಮದ್ದು ಹೀಗೇ ಕೆಲಸ ಮಾಡುತ್ತದೆ ಅಂತ 1971ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್. 1982ರ ನೊಬೆಲ್ ಅವರಿಗೂ ಇನ್ನಿಬ್ಬರಿಗೂ ಬಂತು. ಕಿಣ್ವ ನಿಂತರೆ ಪ್ರೊಸ್ಟಾಗ್ಲಾಂಡಿನ್ ನಿಲ್ಲುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ನೋವು ಇಳಿಯುತ್ತದೆ. ಕೆಲವು ಗಂಟೆ ಕಳೆದರೆ ಮದ್ದು ಮೈಯಿಂದ ಹೋಗುತ್ತದೆ, ನೋವು ವಾಪಸ್ ಬರುತ್ತದೆ.

ತೊಂದರೆ ಏನೆಂದರೆ ಅದೇ ಪ್ರೊಸ್ಟಾಗ್ಲಾಂಡಿನ್ ಬೇರೆ ಕಡೆ ಒಳ್ಳೆಯ ಕೆಲಸವನ್ನೂ ಮಾಡುತ್ತಿರುತ್ತದೆ. ಹೊಟ್ಟೆಯ ಒಳಗೋಡೆಗೆ ಆಮ್ಲ ತಾಗದಂತೆ ಲೋಳೆ ಬಳಿಯುವುದು ಅದೇ. ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಅಂತ ಗೊತ್ತಾಗುವುದಿಲ್ಲ. ಎಲ್ಲ ಕಡೆಯೂ ಕೈ ಕಟ್ಟಿಹಾಕುತ್ತದೆ. ಹೊಟ್ಟೆಗೆ ತೊಂದರೆ ಕಡಿಮೆ ಮಾಡುವ ಕಾಕ್ಸಿಬ್ ಗುಂಪಿನ ಮಾತ್ರೆಗಳು ಆಮೇಲೆ ಬಂದವು. ಅವುಗಳಲ್ಲಿ ಒಂದಾದ ರೋಫೆಕಾಕ್ಸಿಬ್‌ನಿಂದ ಹೃದಯಾಘಾತ ಹೆಚ್ಚುತ್ತದೆ ಅಂತ ಗೊತ್ತಾಗಿ 2004ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು.

ಮೀನೆಣ್ಣೆಯ ದಾರಿ ಬೇರೆ. ಅದು ಕೆಲಸಗಾರನ ಕೈ ಕಟ್ಟುವುದಿಲ್ಲ, ಅವನಿಗೆ ಸಿಗುವ ಕಚ್ಚಾ ಮಾಲನ್ನೇ ಬದಲಾಯಿಸುತ್ತದೆ. ಮೀನೆಣ್ಣೆಯಲ್ಲಿ ಇಪಿಎ, ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬುಗಳಿವೆ. ದಿನಾ ತಿನ್ನುತ್ತಾ ಹೋದರೆ ಅವು ಜೀವಕೋಶದ ಪೊರೆಯೊಳಗೆ ಸೇರಿ, ಅರಾಕಿಡೋನಿಕ್ ಆಮ್ಲದ ಜಾಗವನ್ನು ಸ್ವಲ್ಪ ಸ್ವಲ್ಪ ಹಿಡಿಯುತ್ತವೆ. ಆಗ ಕಿಣ್ವಕ್ಕೆ ಇಪಿಎ ಸಿಕ್ಕರೂ ಅದರಿಂದ ಆಗುವ ವಸ್ತು ಸಪ್ಪೆ. ಮೊದಲಿನಷ್ಟು ಊತ, ನೋವು ತರುವುದಿಲ್ಲ. ಜೊತೆಗೆ ಇವೆರಡರಿಂದ ರಿಸಾಲ್ವಿನ್ ಎಂಬ ವಸ್ತುಗಳೂ ಹುಟ್ಟುತ್ತವೆ. ಶುರುವಾದ ಉರಿಯೂತವನ್ನು ಮುಗಿಸುವುದು ಅವುಗಳ ಕೆಲಸ.

ಪೊರೆಯಲ್ಲಿ ಈ ಬದಲಾವಣೆ ಆಗಲು ವಾರಗಟ್ಟಲೆ ಬೇಕು. ನೋವಿನಲ್ಲಿ ವ್ಯತ್ಯಾಸ ಕಾಣಬೇಕಾದರೆ ಎರಡರಿಂದ ಮೂರು ತಿಂಗಳು. ಹದಿನೈದು ದಿನಕ್ಕೆ ಡಬ್ಬಿ ವಾಪಸ್ ತಂದವರಿಗೆ ನಾನು ಹೇಳುವುದು ಇದನ್ನೇ: ಮಾಲು ಡೂಪ್ಲಿಕೇಟ್ ಅಲ್ಲ, ನಿಮ್ಮ ಲೆಕ್ಕ ತಪ್ಪಿದೆ.

3. ನಿಮ್ಮ ನೋವು ಯಾವ ಜಾತಿಯದ್ದು ನೋಡಿ

ಕಾಲು ಉಳುಕಿದ್ದು, ಹಲ್ಲು ನೋವು, ಮುಟ್ಟಿನ ಹೊಟ್ಟೆನೋವು, ಮೂಟೆ ಎತ್ತುವಾಗ ಹಿಡಿದುಕೊಂಡ ಬೆನ್ನು. ಇವು ಈಗಲೇ ಇಳಿಯಬೇಕಾದ ನೋವು. ಇಲ್ಲಿ ಮೀನೆಣ್ಣೆಗೆ ಕೆಲಸವಿಲ್ಲ. ಪ್ಯಾರಾಸಿಟಮಾಲ್, ಅದಕ್ಕೆ ಬಗ್ಗದಿದ್ದರೆ ನಿಮಗೆ ಆಗಿಬರುವ ನೋವಿನ ಮಾತ್ರೆ, ಕೆಲವೇ ದಿನ. ಅಷ್ಟೇ.

ವಯಸ್ಸಾದವರ ಮಂಡಿ ಸವೆತ ಇನ್ನೊಂದು ಕಥೆ. ಮೀನೆಣ್ಣೆಯ ಜಾಹೀರಾತು ಹೆಚ್ಚಾಗಿ ತೋರಿಸುವುದು ಇದನ್ನೇ. ಆದರೆ ಪುರಾವೆ ಪೇಲವ. ಆಸ್ಟ್ರೇಲಿಯಾದಲ್ಲಿ ಮಂಡಿ ಸವೆತ ಇದ್ದ 202 ಜನಕ್ಕೆ ಎರಡು ವರ್ಷ ಮೀನೆಣ್ಣೆ ಕೊಟ್ಟು ನೋಡಿದರು, ಅರ್ಧ ಜನಕ್ಕೆ ಜಾಸ್ತಿ ಪ್ರಮಾಣ, ಅರ್ಧ ಜನಕ್ಕೆ ಅದರ ಹತ್ತನೇ ಒಂದು ಭಾಗ. 2016ರಲ್ಲಿ ಬಂದ ಫಲಿತಾಂಶ ತಮಾಷೆಯಾಗಿತ್ತು. ಎರಡು ವರ್ಷದ ಕೊನೆಗೆ ಕಡಿಮೆ ತೆಗೆದುಕೊಂಡವರ ನೋವೇ ಹೆಚ್ಚು ಇಳಿದಿತ್ತು. ಅಂಥವರಿಗೆ ನಾನು ಮೊದಲು ತೋರಿಸುವುದು ಡೈಕ್ಲೋಫೆನಾಕ್ ಜೆಲ್ ಟ್ಯೂಬು. ಮಂಡಿಗೆ ಹಚ್ಚಿದರೆ ಮದ್ದು ಬಹುತೇಕ ಅಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಜೊತೆಗೆ ತೂಕ ಇಳಿಸುವುದು, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಇದನ್ನು ಹೇಳಿದರೆ ಮುಖ ಸಣ್ಣಗಾಗುತ್ತದೆ ಅಂತ ಗೊತ್ತು.

ಕೈಬೆರಳ ಗಿಣ್ಣುಗಳು, ಮಣಿಕಟ್ಟು ಎರಡೂ ಕೈಯಲ್ಲಿ ಊದಿಕೊಂಡು, ಬೆಳಿಗ್ಗೆ ಎದ್ದಾಗ ಅರ್ಧ ಮುಕ್ಕಾಲು ಗಂಟೆ ಮುಷ್ಟಿ ಹಿಡಿಯಲು ಆಗದಿದ್ದರೆ ಎಚ್ಚರ. ಅದು ರುಮಟಾಯ್ಡ್ ಆರ್ಥರೈಟಿಸ್ ಇರಬಹುದು. ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಶಿಡ್ಲಘಟ್ಟದಿಂದ ಬರುವ ರೀಲಿಂಗ್ ಕೆಲಸದ ಹೆಂಗಸರು ಇದನ್ನು "ದಿನಾ ಬಿಸಿನೀರಲ್ಲಿ ಕೈ ಇಟ್ಟು ಹಿಂಗಾಗಿದೆ" ಅಂದುಕೊಂಡು ವರ್ಷಗಟ್ಟಲೆ ತಳ್ಳುತ್ತಾರೆ. ರೇಷ್ಮೆ ಗೂಡಿನ ಬಿಸಿ ಬೇಸಿನ್ನಿನಲ್ಲಿ ನೆಂದು ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತದೆ. ಆದರೆ ಊತ ಇರುವುದು ತುದಿಯಲ್ಲಲ್ಲ, ಗಿಣ್ಣಿನಲ್ಲಿ. ಕಾಯಿಲೆ ಇದೇ ಆಗಿದ್ದರೆ ಮೀನೆಣ್ಣೆಗೆ ನಿಜವಾಗಿಯೂ ಒಂದು ಪಾತ್ರ ಇದೆ. 2007ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮೂರು ನಾಲ್ಕು ತಿಂಗಳು ಒಮೆಗಾ-3 ತೆಗೆದುಕೊಂಡವರಲ್ಲಿ ಕೀಲು ನೋವು, ಬೆಳಗಿನ ಬಿಗಿತ, ನೋವಿನ ಮಾತ್ರೆಯ ಬಳಕೆ ಸ್ವಲ್ಪ ಕಡಿಮೆಯಾಗಿತ್ತು. ಆದರೆ ಕೀಲು ಹಾಳಾಗುವುದನ್ನು ತಡೆಯುವುದು ಮೆಥೊಟ್ರೆಕ್ಸೇಟ್‌ನಂಥ ಬೇರೆ ಮದ್ದು. ಮೀನೆಣ್ಣೆಯೂ ಅದನ್ನು ತಡೆಯುವುದಿಲ್ಲ, ನೋವಿನ ಮಾತ್ರೆಯೂ ತಡೆಯುವುದಿಲ್ಲ. ಕೀಲುವಾತದ ಡಾಕ್ಟರನ್ನು ಬೇಗ ನೋಡಿ.

ಬೆನ್ನು, ಕುತ್ತಿಗೆ ನೋವಿಗೆ "ಮೀನೆಣ್ಣೆಯೇ ಮದ್ದು, ಅಮೆರಿಕದಲ್ಲಿ ಪ್ರೂವ್ ಆಗಿದೆ" ಅಂತ ಹೇಳುವವರಿದ್ದಾರೆ. ಅದರ ಹಿಂದೆ 2006ರ ಒಂದು ಅಧ್ಯಯನ ಇದೆ. 250 ರೋಗಿಗಳಿಗೆ ಮೀನೆಣ್ಣೆ ಕೊಟ್ಟರು. ಆಮೇಲೆ ಪ್ರಶ್ನೆಪತ್ರ ಕಳಿಸಿದರೆ ಉತ್ತರ ಬರೆದವರು ಅರ್ಧ ಜನ. ಅವರಲ್ಲಿ ಶೇ. 59 ಮಂದಿ ನೋವಿನ ಮಾತ್ರೆ ಬಿಟ್ಟಿದ್ದೇವೆ ಅಂದರು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಮೀನೆಣ್ಣೆ ತೆಗೆದುಕೊಳ್ಳದವರ ಜೊತೆ ಹೋಲಿಸಲೇ ಇಲ್ಲ. ಬೆನ್ನು ನೋವು ಬಹಳ ಜನಕ್ಕೆ ಒಂದೆರಡು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಉತ್ತರ ಬರೆಯದ ಇನ್ನರ್ಧ ಜನರ ಕಥೆ ಏನು ಅಂತಲೂ ಗೊತ್ತಾಗುವುದಿಲ್ಲ.

ಕೊನೆಯದು ನಮ್ಮ ಸೀಮೆಯದ್ದೇ ನೋವು. ಬಾಗೇಪಲ್ಲಿ, ಪಾವಗಡ, ಶಿರಾ, ಕೋಲಾರದ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನದಂಡ ಹೇಳುತ್ತದೆ. ವರ್ಷಗಟ್ಟಲೆ ಅದಕ್ಕಿಂತ ಜಾಸ್ತಿ ಕುಡಿದರೆ ಮೂಳೆ, ಕೀಲುಗಳಲ್ಲಿ ಫ್ಲೋರೈಡ್ ಕೂತು ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದು, ದೊಡ್ಡವರಿಗೆಲ್ಲ ಮೈ ಬಿಗಿತ ಇದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಇದನ್ನು ಸರಿಮಾಡುವ ಗುಳಿಗೆ ನಮ್ಮ ಅಂಗಡಿಯಲ್ಲಿಲ್ಲ, ಯಾವ ಬಣ್ಣದ್ದೂ ಇಲ್ಲ.

4. ನೋವಿನ ಮಾತ್ರೆ ಬಾಯಿಗೆ ಹಾಕುವ ಮುಂಚೆ

ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹೊಟ್ಟೆ ಹುಣ್ಣು ಆಗಿತ್ತಾ? ಕಿಡ್ನಿ ತೊಂದರೆ ಇದೆಯಾ? ಹಾರ್ಟ್ ಅಟ್ಯಾಕ್, ಸ್ಟೆಂಟ್, ಲಕ್ವ ಏನಾದರೂ ಆಗಿತ್ತಾ? ಹಿಂದೆ ಯಾವುದಾದರೂ ನೋವಿನ ಮಾತ್ರೆಗೆ ಉಬ್ಬಸ ಬಂದಿತ್ತಾ? ರಕ್ತ ತೆಳುಮಾಡುವ ಮಾತ್ರೆ ನಡೆಯುತ್ತಿದೆಯಾ? ಗರ್ಭಿಣಿಯಾ? ಒಂದಕ್ಕೆ ಹೌದು ಅಂದರೂ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಬೇಡಿ, ಡಾಕ್ಟರನ್ನು ಕೇಳಿ. ಗರ್ಭಿಣಿಯರಿಗೆ ಅದರಲ್ಲೂ 20 ವಾರ ದಾಟಿದ ಮೇಲೆ ಇವು ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದು.

ಬಿಪಿ ಇರುವವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎನಲಾಪ್ರಿಲ್, ರ‍್ಯಾಮಿಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್ ಇವೆಲ್ಲ ಬಿಪಿ ಮಾತ್ರೆಗಳು. ಕೆಲವರಿಗೆ ಇವುಗಳ ಜೊತೆ ಮೂತ್ರ ಹೆಚ್ಚು ಮಾಡುವ ಮಾತ್ರೆಯೂ ಇರುತ್ತದೆ. ಇವೆರಡರ ಮೇಲೆ ನೋವಿನ ಮಾತ್ರೆಯೂ ಸೇರಿದರೆ ಮೂರೂ ಸೇರಿ ಕಿಡ್ನಿಗೆ ಹೋಗುವ ರಕ್ತವನ್ನು ಹಿಡಿದುಬಿಡುತ್ತವೆ. ಏಪ್ರಿಲ್ ಬಿಸಿಲಲ್ಲಿ ಟೊಮೆಟೊ ಕಿತ್ತು, ನೀರು ಸರಿಯಾಗಿ ಕುಡಿಯದೆ, ಸಂಜೆ ಮೈಕೈ ನೋವಿಗೆ ಅಂತ ಒಂದು ನುಂಗಿ ಮಲಗಿದರೆ ಪೆಟ್ಟು ಇನ್ನೂ ಜೋರು. ವಾಂತಿ ಭೇದಿ ಆಗುತ್ತಿರುವಾಗಲೂ ಇದೇ ಮಾತು. ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗುತ್ತಿರುವವರು ಸೀರಮ್ ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆ ಮಾಡಿಸಲೇಬೇಕು. ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ.

ಡೆಂಗಿ ಹರಡುವ ಕಾಲದಲ್ಲಿ ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಯಾವ ನೋವಿನ ಮಾತ್ರೆಯೂ ಬೇಡ. ರಕ್ತಸ್ರಾವ ಆಗುವ ಅಪಾಯ ಇರುತ್ತದೆ.

ಕೌಂಟರಿನಲ್ಲಿ ದಿನಾ ಕೇಳುವ ಮೂರು ನಂಬಿಕೆಗಳನ್ನು ಇಲ್ಲೇ ಮುಗಿಸಿಬಿಡುತ್ತೇನೆ.

"ಜೊತೆಗೆ ಗ್ಯಾಸ್ ಮಾತ್ರೆ ನುಂಗ್ತೀನಿ, ಏನಾಗಲ್ಲ." ಪ್ಯಾಂಟೊಪ್ರಜೋಲ್ ಹೊಟ್ಟೆಯನ್ನು ಕಾಯುತ್ತದೆ, ನಿಜ. ಕಿಡ್ನಿಯನ್ನಾಗಲಿ ಹೃದಯವನ್ನಾಗಲಿ ಕಾಯುವುದಿಲ್ಲ.

"ಊಟ ಮಾಡಿ ನುಂಗಿದ್ರೆ ಸಾಕು." ಊಟವಾದ ಮೇಲೆ ನುಂಗುವುದು ಒಳ್ಳೆಯದೇ, ಉರಿ ಕಡಿಮೆಯಾಗುತ್ತದೆ. ಆದರೆ ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಹೊಟ್ಟೆಯ ಲೋಳೆಯನ್ನು ಕಡಿಮೆ ಮಾಡುತ್ತಲೇ ಇರುತ್ತದೆ.

"ಅದಕ್ಕೇ ಇಂಜೆಕ್ಷನ್ ಹಾಕಿಸ್ಕೋತೀನಿ." ಅದೇ ಕಾರಣಕ್ಕೆ ಇಂಜೆಕ್ಷನ್ನಿನಿಂದಲೂ ಹೊಟ್ಟೆ ತಪ್ಪಿಸಿಕೊಳ್ಳುವುದಿಲ್ಲ.

ಪ್ರಮಾಣ: ಡಾಕ್ಟರು ಬರೆದಷ್ಟೇ. ದೊಡ್ಡವರಿಗೆ ಅಸೆಕ್ಲೋಫೆನಾಕ್ ದಿನಕ್ಕೆ 200 ಮಿ.ಗ್ರಾಂ, ಅಂದರೆ 100ರ ಎರಡು ಮಾತ್ರೆ ದಾಟಬಾರದು. ಡೈಕ್ಲೋಫೆನಾಕ್ 150 ಮಿ.ಗ್ರಾಂ ದಾಟಬಾರದು. ಇದು ಗರಿಷ್ಠ ಮಿತಿ, ದಿನಾ ತಲುಪಬೇಕಾದ ಗುರಿ ಅಲ್ಲ. ಕಡಿಮೆ ಪ್ರಮಾಣ, ಕಡಿಮೆ ದಿನ.

ಹಾರ್ಟಿಗೆ ಅಂತ ದಿನಾ ಸಣ್ಣ ಆಸ್ಪಿರಿನ್ ನುಂಗುವವರು ಐಬುಪ್ರೊಫೆನ್ ಮುಟ್ಟುವ ಮುಂಚೆ ಕೇಳಿ. ಅದು ಆಸ್ಪಿರಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ.

ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ "ನಾಟಿ" ಪುಡಿಯಿಂದ ಒಂದೇ ರಾತ್ರಿಯಲ್ಲಿ ಮಂಡಿ ನೋವು ಮಾಯವಾದರೆ ಖುಷಿಪಡಬೇಡಿ, ಅನುಮಾನಪಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್, ನೋವಿನ ಮದ್ದು ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

5. ಮೀನೆಣ್ಣೆಯ ಲೆಕ್ಕ ಹಾಕುವುದು

ಡಬ್ಬಿಯ ಮುಂದೆ "1000 ಮಿ.ಗ್ರಾಂ" ಅಂತ ಇರುತ್ತದೆ. ಅದು ಒಟ್ಟು ಎಣ್ಣೆಯ ತೂಕ. ನಿಮಗೆ ಬೇಕಾದ ಸಂಖ್ಯೆ ಅದಲ್ಲ. ಡಬ್ಬಿ ತಿರುಗಿಸಿ. ಸಾಧಾರಣ ಗುಳಿಗೆಯಲ್ಲಿ ಇಪಿಎ 180, ಡಿಎಚ್‌ಎ 120 ಮಿ.ಗ್ರಾಂ ಇರುತ್ತದೆ. ಕೂಡಿದರೆ 300. ಉಳಿದ 700 ಬೇರೆ ಕೊಬ್ಬು.

ರುಮಟಾಯ್ಡ್ ಕೀಲುವಾತದ ಪ್ರಯೋಗಗಳಲ್ಲಿ ಗುಣ ಕಂಡಿದ್ದು ಇಪಿಎ, ಡಿಎಚ್‌ಎ ಎರಡೂ ಸೇರಿ ದಿನಕ್ಕೆ ಸುಮಾರು 2.7 ಗ್ರಾಂ ತೆಗೆದುಕೊಂಡಾಗ. 2700 ಭಾಗಿಸು 300. ಒಂಬತ್ತು ಗುಳಿಗೆ! 60 ಗುಳಿಗೆಯ ಡಬ್ಬಿ ಏಳು ದಿನವೂ ತುಂಬುವುದಿಲ್ಲ. ದಿನಕ್ಕೆ ಒಂದು ನುಂಗಿ ಕೀಲು ನೋವು ಇಳಿಯಲಿಲ್ಲ ಅನ್ನುವವರ ಲೆಕ್ಕ ಇಲ್ಲೇ ತಪ್ಪಿರುತ್ತದೆ. ಒಂದೇ ಗುಳಿಗೆಯಲ್ಲಿ 900 ಮಿ.ಗ್ರಾಂ ಇಪಿಎ, ಡಿಎಚ್‌ಎ ಇರುವ ಗಟ್ಟಿ ಮೀನೆಣ್ಣೆಗಳೂ ಬಂದಿವೆ. ಆಗ ಮೂರು ಸಾಕು. ಬೆಲೆ ಹೋಲಿಸುವಾಗ ಗುಳಿಗೆಗೆ ಎಷ್ಟು ಅಂತ ನೋಡಬೇಡಿ. ಒಂದು ಗ್ರಾಂ ಇಪಿಎ, ಡಿಎಚ್‌ಎಗೆ ಎಷ್ಟು ಬಿತ್ತು ಅಂತ ನೋಡಿ.

ಕೆಲವು ಡಬ್ಬಿಗಳಲ್ಲಿ ಒಂದು ಜಾಣತನ ಇರುತ್ತದೆ. ಹಿಂದೆ ಬರೆದ ಸಂಖ್ಯೆ ಎರಡು ಅಥವಾ ಮೂರು ಗುಳಿಗೆಗೆ ಸೇರಿ. ತಲೆಬರಹದ ಸಣ್ಣ ಸಾಲು ಓದದಿದ್ದರೆ ಮೋಸ ಹೋದಿರಿ.

ಇನ್ನು ಕಾಡ್ ಲಿವರ್ ಗುಳಿಗೆ. ಅದನ್ನು ಈ ಲೆಕ್ಕದಲ್ಲಿ ಹೆಚ್ಚಿಸಲೇಬೇಡಿ. ಒಮೆಗಾ-3 ಜೊತೆ ವಿಟಮಿನ್ ಎ ಕೂಡ ಏರುತ್ತಾ ಹೋಗಿ ಲಿವರಿಗೆ, ಗರ್ಭಿಣಿಯಾದರೆ ಮಗುವಿಗೆ ತೊಂದರೆಯಾಗುತ್ತದೆ.

ದಿನಕ್ಕೆ 1 ಗ್ರಾಮಿಗಿಂತ ಜಾಸ್ತಿ ಇಪಿಎ, ಡಿಎಚ್‌ಎ ಬೇಕಿದ್ದರೆ ಡಾಕ್ಟರಿಗೆ ಹೇಳಿಯೇ ಶುರು ಮಾಡಿ. "ಬರೀ ಮೀನಿನ ಎಣ್ಣೆ ತಾನೇ" ಅನ್ನಬೇಡಿ. ದಿನಕ್ಕೆ 4 ಗ್ರಾಂ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎದೆಬಡಿತ ತಾಳ ತಪ್ಪುವ ತೊಂದರೆ, ಹೆಚ್ಚಾಗಿ ಕಂಡಿದೆ. ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ಇರುವವರು, ಆಪರೇಷನ್‌ಗೆ ದಿನ ಗೊತ್ತಾದವರು, ಮೀನಿನ ಅಲರ್ಜಿ ಇರುವವರು ಕೇಳದೆ ಶುರು ಮಾಡಬಾರದು.

ನುಂಗುವುದು ಊಟದ ಮಧ್ಯೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮಧ್ಯಾಹ್ನದವರೆಗೂ ಮೀನಿನ ತೇಗು. ತಿಂಗಳಿಗೊಮ್ಮೆ ಒಂದು ಗುಳಿಗೆಯನ್ನು ಸೂಜಿಯಿಂದ ಚುಚ್ಚಿ ಮೂಸಿ ನೋಡಿ. ಸಣ್ಣಗೆ ಮೀನಿನ ವಾಸನೆ ಇದ್ದರೆ ಸರಿ. ಹಳೆಯ ಕೊಬ್ಬರಿ ಎಣ್ಣೆಯ ಹಾಗೆ ಕಮಟು ಹೊಡೆದರೆ ಡಬ್ಬಿ ಎಸೆಯಿರಿ. ಒಲೆ ಪಕ್ಕದ ಕಪಾಟಿನಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ.

ಗುಳಿಗೆಯೇ ಬೇಕು ಅಂತೇನೂ ಇಲ್ಲ. ಮಂಗಳೂರು ಕಡೆಯಿಂದ ಐಸ್ ಪೆಟ್ಟಿಗೆಯಲ್ಲಿ ಬರುವ ಬೂತಾಯಿ, ಬಂಗುಡೆ 100 ಗ್ರಾಂ ತಿಂದರೆ ಸುಮಾರು 1 ಗ್ರಾಂ ಒಮೆಗಾ-3 ಸಿಗುತ್ತದೆ. ನಮ್ಮ ಕೆರೆಯ ಕಟ್ಲಾ, ರೋಹು ರುಚಿಯಲ್ಲಿ ಕಡಿಮೆಯಲ್ಲ. ಒಮೆಗಾ-3 ಮಾತ್ರ ಅವುಗಳಲ್ಲಿ ಬಹಳ ಕಡಿಮೆ. ಎಣ್ಣೆಯಲ್ಲಿ ಕರಿದರೆ ಲೆಕ್ಕ ಕೆಡುತ್ತದೆ, ಸಾರು ಮಾಡಿ.

ಸಸ್ಯಾಹಾರಿಗಳು ಅಗಸೆ ಬೀಜ ಕೇಳುತ್ತಾರೆ. ಅದರಲ್ಲಿ ಇರುವುದು ಎಎಲ್‌ಎ ಎಂಬ ಬೇರೆ ಒಮೆಗಾ-3. ನಮ್ಮ ಮೈ ಅದರಲ್ಲಿ ಸ್ವಲ್ಪವನ್ನು ಮಾತ್ರ ಇಪಿಎ ಆಗಿ ಬದಲಾಯಿಸುತ್ತದೆ, ನೂರಕ್ಕೆ ಹತ್ತೂ ಇಲ್ಲ. ಚಟ್ನಿಪುಡಿ ಮಾಡಿ ತಿನ್ನಿ, ಒಳ್ಳೆಯದು. ಅದನ್ನು ಮೀನೆಣ್ಣೆಗೆ ಸಮ ಅಂದುಕೊಳ್ಳಬೇಡಿ. ಇನ್ನು ಹುಚ್ಚೆಳ್ಳು ಚಟ್ನಿ ನಮ್ಮೂರ ಹೆಮ್ಮೆ. ಆದರೆ ಅದರ ಎಣ್ಣೆಯಲ್ಲಿ ಹೆಚ್ಚಾಗಿರುವುದು ಒಮೆಗಾ-6 ಎಂಬ ಬೇರೆ ಜಾತಿಯ ಕೊಬ್ಬು, ಒಮೆಗಾ-3 ಅಲ್ಲ. ಗುಳಿಗೆಯೇ ಬೇಕೆನ್ನುವ ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಎಣ್ಣೆ ಇದೆ. ಮೀನಿಗೂ ಒಮೆಗಾ-3 ಬರುವುದು ಮೂಲದಲ್ಲಿ ಪಾಚಿಯಿಂದಲೇ. ಬೆಲೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಮೇಲಿನ ಹೊದಿಕೆ ಪ್ರಾಣಿಗಳಿಂದ ತೆಗೆದ ಜಿಲೆಟಿನ್‌ನದ್ದಲ್ಲ ಅಂತಲೂ ಹಸಿರು ಗುರುತು ನೋಡಿ ಖಾತ್ರಿ ಮಾಡಿಕೊಳ್ಳಿ.

6. ಒಂದರಿಂದ ಇನ್ನೊಂದಕ್ಕೆ ಬರುವುದು

ಇಂದು ನೋವಿನ ಮಾತ್ರೆ ನಿಲ್ಲಿಸಿ ನಾಳೆ ಮೀನೆಣ್ಣೆ ಶುರು ಮಾಡಿದರೆ ಮಧ್ಯೆ ಎರಡು ಮೂರು ತಿಂಗಳು ಏನೂ ಇರುವುದಿಲ್ಲ. ನೋವು ತಡೆಯಲಾರದೆ ವಾಪಸ್ ಬಂದು ಎರಡು ಪಟ್ಟು ನುಂಗಿದವರನ್ನು ನೋಡಿದ್ದೇನೆ. ಮೊದಲು ಡಾಕ್ಟರ ಒಪ್ಪಿಗೆ ಪಡೆದು ಮೀನೆಣ್ಣೆ ಶುರು ಮಾಡಿ. ನೋವಿನ ಮಾತ್ರೆ ಅವರು ಹೇಳಿದ ಹಾಗೆ ಮುಂದುವರಿಯಲಿ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಗೋಡೆಯಲ್ಲಿ ಇರುತ್ತದಲ್ಲ, ಅದರಲ್ಲೇ ಇನ್ನೊಂದು ಲೆಕ್ಕ ಬರೆಯಿರಿ. ಬೆಳಿಗ್ಗೆ ಬೆರಳು ಮಡಚಲು ಎಷ್ಟು ನಿಮಿಷ ಬೇಕಾಯಿತು, ಆ ದಿನ ಎಷ್ಟು ನೋವಿನ ಮಾತ್ರೆ ನುಂಗಿದಿರಿ. ಎರಡೇ ಸಂಖ್ಯೆ. ಮೂರು ತಿಂಗಳಾದ ಮೇಲೆ ಮೊದಲ ಹಾಳೆ, ಕೊನೆಯ ಹಾಳೆ ಪಕ್ಕಪಕ್ಕ ಇಟ್ಟು ನೋಡಿ. ಸಂಖ್ಯೆ ಇಳಿದಿದ್ದರೆ ಡಾಕ್ಟರನ್ನು ಕೇಳಿ ನೋವಿನ ಮಾತ್ರೆ ನಿಧಾನವಾಗಿ ಕಡಿಮೆ ಮಾಡಿ. ಇಳಿದಿಲ್ಲವೇ? ಮೀನೆಣ್ಣೆ ನಿಲ್ಲಿಸಿ, ಆ ದುಡ್ಡಲ್ಲಿ ಬಂಗುಡೆ ತನ್ನಿ. ನಾನು ಮೀನೆಣ್ಣೆ ಮಾರುವವನೇ, ಆದರೂ ಹೇಳುತ್ತಿದ್ದೇನೆ.

ಮೆಥೊಟ್ರೆಕ್ಸೇಟ್, ಬಿಪಿ, ಶುಗರ್, ಹಾರ್ಟಿನ ಮಾತ್ರೆ ಇವು ಯಾವುದನ್ನೂ ಮೀನೆಣ್ಣೆ ನಂಬಿ ಬಿಡಬೇಡಿ.

7. ಇವು ಕಂಡರೆ ಕಾಯಬೇಡಿ

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ, ಕಾಫಿ ಗಸಿಯಂಥ ವಾಂತಿಯಾದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಅಂತ ಅರ್ಥ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ನಿಮ್ಮ ಊಹೆಗೆ ಬಿಡುವ ವಿಷಯವಲ್ಲ. ಮೂತ್ರ ಕಡಿಮೆಯಾಗಿ ಕಾಲು, ಮುಖ ಊದಿದರೆ, ಎದೆನೋವು, ಉಬ್ಬಸ, ಮೈಯೆಲ್ಲ ದದ್ದು ಬಂದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಊದಿ ಜ್ವರವೂ ಬಂದರೆ ಅದು ಸೋಂಕಿರಬಹುದು. ಅದಕ್ಕೆ ಇವೆರಡೂ ಮದ್ದಲ್ಲ.

ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಡಬ್ಬಿ ಒಂದು ಕವರಿಗೆ ಹಾಕಿಕೊಂಡು ಹೋಗಿ. "ಬಿಳಿ ಮಾತ್ರೆ, ದುಂಡಗಿತ್ತು" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಇದರಲ್ಲಿ ನಮ್ಮ ತಪ್ಪೂ ಇದೆ. ನಾಲ್ಕು ಮಾತ್ರೆ ಕೇಳಿದರೆ ಕತ್ತರಿಯಲ್ಲಿ ಕಚಕ್ ಅಂತ ಕತ್ತರಿಸಿ ಕೊಟ್ಟುಬಿಡುತ್ತೇವೆ. ಹೆಸರು, ತಾರೀಖು ಇರುವ ತುಂಡು ನಮ್ಮ ಡ್ರಾಯರಿನಲ್ಲೇ ಉಳಿಯುತ್ತದೆ. ಇನ್ನು ಮೇಲೆ ಬಿಡಿ ಮಾತ್ರೆ ಕೊಂಡರೆ ಕತ್ತರಿಸುವ ಮುಂಚೆ ಇಡೀ ಸ್ಟ್ರಿಪ್‌ನ ಹಿಂಬದಿ ಒಂದು ಫೋಟೊ ತೆಗೆದುಕೊಳ್ಳಿ. ಯಾವ ಅಂಗಡಿಯವನೂ ಬೇಡ ಅನ್ನುವುದಿಲ್ಲ.